ಬಿಳಿ ಬೊಟ್ಟು, ಕೆಂಪು ಬೊಟ್ಟು

ಆಗೆಲ್ಲ ನಮ್ಮ ಮನೆಯಲ್ಲಿ ಬಂದೂಕಿನ ಗುಂಡಿಗೂ ಕಾಳಿನ ಹೆಸರೇ ಇತ್ತು. ಪೇಟೆಯಲ್ಲಿ ಅದಕ್ಕೆ ನಂಬರು ಇರುತ್ತದೆ, ನಂಬರು ದೊಡ್ಡದಾದಷ್ಟೂ ಗುಂಡು ಸಣ್ಣದಾಗುತ್ತದೆ ಎಂಬ ತಲೆಕೆಳಗಾದ ಲೆಕ್ಕ ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಮುತ್ಯಾನಿಗೆ, ಅಂದರೆ ಅಪ್ಪನ ಅಪ್ಪನಿಗೆ, ಆ ಲೆಕ್ಕ ಒಗ್ಗಿರಲಿಲ್ಲ. ಅವನ ಬಾಯಲ್ಲಿದ್ದದ್ದು ಎರಡೇ: ಜ್ವಾಳ ಮತ್ತು ಕಡ್ಲಿ. ಮೊಲಕ್ಕೆ, ಕವುಜುಗದ ಹಕ್ಕಿಗೆ ಜೋಳದಷ್ಟು ಸಣ್ಣ ಗುಂಡು. ಹಂದಿಗೆ ಕಡಲೆಯಷ್ಟು ದಪ್ಪನೆಯದು.

"ಸಣ್ಣ ಜೀವಕ್ಕ ಸಣ್ಣ ಕಾಳ" ಎನ್ನುತ್ತಿದ್ದ ಮುತ್ಯಾ. "ಮಲಕ್ಕ ಕಡ್ಲಿ ಹಾಕಿದ್ರ ಅಡಗಿ ಮಾಡಾಕ ಏನೂ ಉಳಿಯೂದಿಲ್ಲ. ಮತ್ತ ದೊಡ್ಡ ಕಾಳ ಎಲ್ಲಿ ಹೋಗಿ ನಿಂದರತದ, ಹೊಡದಾಂವಗೂ ಗೊತ್ತಿರೂದಿಲ್ಲ."

ಈಗ ಸೊಲ್ಲಾಪುರದಲ್ಲಿ ನಮ್ಮ ಯಜಮಾನರ ಚಾದರ ಅಂಗಡಿಯ ಗಾದಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನನ್ನು ನೋಡಿದ ಗಿರಾಕಿ, ಈ ಹೆಂಗಸು ಹತ್ತು ವರ್ಷದವಳಿದ್ದಾಗ ಮದ್ದಿನ ವಾಸನೆ ಮೂಸಿಯೇ ಮಳೆಗಾಲದ ಮದ್ದು ಯಾವುದು, ಬೇಸಿಗೆಯದು ಯಾವುದು ಎಂದು ಹೇಳುತ್ತಿದ್ದಳು ಎಂದರೆ ನಂಬುವುದಿಲ್ಲ. ನಿಮ್ಮಲ್ಲಿ ಹೊಲದ ವಸ್ತಿಯಲ್ಲಿ ಬೆಳೆದವರು ನಂಬುತ್ತೀರಿ. ಅಲ್ಲಿ ಹುಡುಗಿಯರಿಗೆ ಬೊಂಬೆ ಕೊಡುವವರು ಯಾರು? ಕೈಗೆ ಸಿಕ್ಕಿದ್ದೇ ಆಟಿಕೆ.

ನಮ್ಮ ವಸ್ತಿ ಚಪಳಗಾಂವದ ಆಚೆ, ಕರಿ ಮಣ್ಣಿನ ನಡುವೆ. ನಾಲ್ಕು ಮನೆ, ಒಂದು ಬೇವಿನ ಮರ, ಕುರಿಹಟ್ಟಿ, ಬೀರೋಬಾನ ಸಣ್ಣ ಗುಡಿ. ಬೆಳೆ ಕಾಯಲೆಂದು ಮುತ್ಯಾನಿಗೆ ಸರ್ಕಾರ ಒಂಟಿ ನಳಿಗೆಯ ಬಂದೂಕಿಗೆ ಲೈಸನ್ಸು ಕೊಟ್ಟಿತ್ತು. ಮೊಲ ಹೊಡೆಯಬಾರದೆಂಬ ಕಾನೂನು ಆಗಲೂ ಇತ್ತಂತೆ. ಆದರೆ ನಮ್ಮ ವಸ್ತಿಗೆ ಎಸ್.ಟಿ. ಬಸ್ಸೇ ಬರುತ್ತಿರಲಿಲ್ಲ, ಇನ್ನು ಕಾನೂನು ಯಾವುದರಲ್ಲಿ ಕೂತು ಬರಬೇಕು?

ಮಧ್ಯಾಹ್ನ ಬೇವಿನ ಮರದ ಕೆಳಗೆ ಮುತ್ಯಾ ಖಾಲಿ ಕಾಡತೂಸುಗಳನ್ನು ಮತ್ತೆ ತುಂಬಲು ಕೂಡುತ್ತಿದ್ದ. ಒಳಗೆ ಮದ್ದು, ಅದರ ಮೇಲೆ ಹಳೆ ಕಂಬಳಿಯಿಂದ ಕತ್ತರಿಸಿದ ದುಂಡನೆಯ ಚೂರು, ಅದರ ಮೇಲೆ ಕಾಳು, ಕೊನೆಗೆ ಬಾಯಿ ಮುಚ್ಚಲು ರಟ್ಟಿನ ಬಿಲ್ಲೆ. ಆ ರಟ್ಟು ಯಾರದೋ ಲಗ್ನಪತ್ರಿಕೆ. ಅದನ್ನು ಕತ್ತರಿಸುವುದು ನನ್ನ ಕೆಲಸ. ಗಣಪತಿ ಇದ್ದ ತುಂಡನ್ನು ಮಾತ್ರ ತೆಗೆದಿಡಬೇಕು. ದೇವರನ್ನು ಬಂದೂಕಿಗೆ ಹಾಕಿ ಹಾರಿಸಬಾರದಲ್ಲ! ವಧುವರರ ಹೆಸರು ಹಾರಿದರೆ ಅಡ್ಡಿಯಿರಲಿಲ್ಲ.

ಬಾಯಿ ಮುಚ್ಚಿದ ಮೇಲೆ ಒಳಗೆ ಜೋಳವಿದೆಯೋ ಕಡಲೆಯಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಮೊದಲು ಎರಡು ಬೇರೆ ಬೇರೆ ಚೀಲಗಳಲ್ಲಿ ಇಡುತ್ತಿದ್ದರು. ಒಂದು ಚಳಿಗಾಲ ನನ್ನ ಕಾಕಾ, ಅಪ್ಪನ ತಮ್ಮ ಮಹಾಲಿಂಗ, ಹಂದಿ ಬಂತೆಂಬ ಅವಸರದಲ್ಲಿ ತಪ್ಪು ಚೀಲಕ್ಕೆ ಕೈ ಹಾಕಿದ. ಜೋಳದ ಗುಂಡು ಹಂದಿಯ ಚರ್ಮದ ಮೇಲೆ ಚೆಲ್ಲಿತು ಅಷ್ಟೆ. ಅದು ಮೈ ಕೊಡವಿ, ಎದುರಿಗೆ ಬಂದ ನಮ್ಮ ನಾಯಿ ಚಂದ್ಯಾನ ಹೊಟ್ಟೆಯನ್ನು ಒಂದೇ ಸಲಕ್ಕೆ ಸೀಳಿ ಹೋಯಿತು. ಕಾಕಾ ಅದರ ಕರುಳನ್ನು ಎರಡೂ ಕೈಯಿಂದ ಒಳಗೆ ತುಂಬುತ್ತಿದ್ದ, ನಾಯಿ ಅವನ ಕೈ ನೆಕ್ಕುತ್ತಿತ್ತು. ಮುತ್ಯಾ ಕೊಡಲಿ ತಂದು ಒಂದೇ ಏಟಿಗೆ ಮುಗಿಸಿದ. ಆಮೇಲೆ ಅದೇ ಕೊಡಲಿಯ ಕಾವಿನಿಂದ ಕಾಕಾನ ಬೆನ್ನಿಗೂ ಎರಡು ಬಿಟ್ಟ.

ಅವತ್ತಿನಿಂದ ಬೊಟ್ಟು ಬಂತು. ಜೋಳದ ಕಾಡತೂಸಿನ ರಟ್ಟಿನ ಮೇಲೆ ಮುತ್ಯಾ ತನ್ನ ತಂಬಾಕಿನ ಡಬ್ಬಿಯ ಸುಣ್ಣದಿಂದ ಬಿಳಿ ಬೊಟ್ಟು ಇಟ್ಟ. ಕಡಲೆಯದಕ್ಕೆ ದೇವರ ಕುಂಕುಮದಿಂದ ಕೆಂಪು ಬೊಟ್ಟು.

"ಬಿಳೀದು ಮಲಕ್ಕ, ಕೆಂಪುದು ಹಂದಿಗಿ. ಇನ್ನ ಮ್ಯಾಲ ಕಮಳಿ ಆರಿಸಿ ಕೊಡತಾಳ. ಯಾರೂ ಕೈ ಹಾಕಬ್ಯಾಡ್ರಿ."

ಕಮಳಿ ಅಂದರೆ ನಾನೇ. ಕಾಡತೂಸು ಇಡುತ್ತಿದ್ದದ್ದು ದೇವರ ಪಕ್ಕದ ಗೂಡಿನಲ್ಲಿ, ಅಲ್ಲಿ ದಿನಾ ದೀಪ ಹಚ್ಚುವವಳು ನಾನು. ಮುತ್ಯಾನ ಕಣ್ಣಿಗೆ ಪೊರೆ ಬಂದಿತ್ತು, ಕಾಕಾನ ಕೈಗೆ ಅವಸರದ ಚಟವಿತ್ತು, ಅಪ್ಪ ಕುರಿಗಳ ಹಿಂದೆ ಊರೂರು ಸುತ್ತುತ್ತಿದ್ದ. ಹೀಗಾಗಿ ಮನೆಯ ಗುಂಡುಗಳ ಕಾರಭಾರ ಹತ್ತು ವರ್ಷದ ನನ್ನ ಕೈಗೆ ಬಂತು. ನನ್ನ ಸೊಕ್ಕು ಏನು ಕೇಳುತ್ತೀರಿ! ಗಂಡಸರು ಅಂಗಳದಲ್ಲಿ ನಿಂತು "ಕಮಳಿ, ಎರಡ ಬಿಳೀವು" ಎಂದು ಕೂಗಿದರೆ, ಬೇಕೆಂದೇ ನಿಧಾನವಾಗಿ ಬರುತ್ತಿದ್ದೆ.

ಪಕ್ಕದ ಹೊಲದ ಸೋಪಾನ ಕಾಕಾನ ಜೀವದ ಗೆಳೆಯ. ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ. ನಾನು ಅವನಿಗೆ ಮಾಮಾ ಎನ್ನುತ್ತಿದ್ದೆ, ಅವನು ನನಗೆ ಪೋರಿ ಎನ್ನುತ್ತಿದ್ದ. ಅವನ ಅಪ್ಪ ಕೊರಳಿಗೆ ತುಳಸಿಮಾಲೆ ಹಾಕಿದವರು, ಆ ಮನೆಯಲ್ಲಿ ಮಾಂಸ ಬೇಯುವಂತಿರಲಿಲ್ಲ. ಅದಕ್ಕೇ ಮೊಲದ ಸಾರಿನ ದಿನ ಸೋಪಾನ ಮಾಮಾ ನಮ್ಮ ಮನೆಯಲ್ಲೇ. ಜೋಳದ ಕಟಿ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ತಿನ್ನುತ್ತಾ, ಹಲ್ಲಿಗೆ ಸಿಕ್ಕ ಗುಂಡನ್ನು ಉಗುಳಿ ನನ್ನ ಕೈಯಲ್ಲಿಡುತ್ತಿದ್ದ. "ಘೆ ಪೋರಿ, ನಿನ್ನ ಜ್ವಾಳ ವಾಪಸ ತಗೋ."

ಆ ವರ್ಷ ದೊಡ್ಡ ಮಳೆಗೆ ಎರಡು ಹೊಲಗಳ ನಡುವಿನ ಒಡ್ಡು ಕೊಚ್ಚಿ ಹೋಯಿತು. ಕಟ್ಟುವಾಗ ಯಾರ ಕಡೆ ಎಷ್ಟು ಸರಿಯಿತು ಎಂದು ಇಬ್ಬರಿಗೂ ಜಗಳವಾಯಿತು. ನಾಲ್ಕು ಮಂದಿ ಕೇಳುವ ಹಾಗೆ ಕಾಕಾ ಕೂಗಿದ: "ಇನ್ನೊಮ್ಮಿ ನಮ್ಮ ಹೊಲದಾಗ ಕಾಲಿಟ್ರ ಕಾಲ ಮುರೀತೀನಿ, ನೋಡ ಮಗನ!" ಮೂರನೇ ದಿನಕ್ಕೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಜಗಳ ಮುಗಿದಿತ್ತು. ಮಾತು ಮಾತ್ರ ಮಂದಿಯ ಕಿವಿಯಲ್ಲಿ ಉಳಿದಿತ್ತು.

ದಸರೆ ಬಂತು. ಖಂಡೆನವಮಿಯ ದಿನ ಕೊಡಲಿ, ಕುಡಗೋಲು, ಬಂದೂಕು ಎಲ್ಲಕ್ಕೂ ಪೂಜೆ. ಯಾವಾಗಲೂ ಅದನ್ನು ಮಾಡುತ್ತಿದ್ದದ್ದು ನಮ್ಮ ಅಜ್ಜಿ. ಆ ಸಲ ಅಜ್ಜಿ ಮಗಳ ಬಾಣಂತನಕ್ಕೆಂದು ಮಂಗಳವೇಢೆಗೆ ಹೋಗಿದ್ದಳು. ಅವ್ವ ಹೋಳಿಗೆಯ ಮುಂದೆ, ಗಂಡಸರು ಗುಡಿಯ ಮುಂದೆ. "ನೀನ ಮಾಡವ್ವಾ ಪೂಜಿ" ಎಂದಳು ಅವ್ವ. ನನಗೆ ಅಷ್ಟು ಸಾಕಿತ್ತು. ಬೀರೋಬಾನ ಭಂಡಾರ, ಅಂದರೆ ದೇವರ ಅರಿಶಿಣ, ಬೊಗಸೆ ತುಂಬ ತೆಗೆದುಕೊಂಡು ನೀರಲ್ಲಿ ಕಲಸಿ, ಬಂದೂಕಿನ ಹಿಡಿಕೆಯಿಂದ ಹಿಡಿದು ಹನ್ನೆರಡು ಕಾಡತೂಸುಗಳ ತಲೆಯವರೆಗೆ ಬಳಿದೆ. ಕೈ ಬಿಗಿ ಹಿಡಿಯಬಾರದು, ದೇವರ ಕೆಲಸ ನೋಡಿ.

ಬಳಿದಾದ ಮೇಲೆ ನೋಡಿದೆ. ಒಂದೂ ಬೊಟ್ಟು ಕಾಣುತ್ತಿಲ್ಲ. ಮುತ್ಯಾನ ಕೈಯ ಗುರುತು ನನ್ನ ಕೆನ್ನೆಗೂ ಹೊಸದಾಗಿರಲಿಲ್ಲ. ಓಡಿಹೋಗಿ ಒದ್ದೆ ಬಟ್ಟೆ ತಂದು ಒಂದೊಂದನ್ನೇ ತಿಕ್ಕಿ ಒರೆಸಿದೆ. ಆರರ ಮೇಲೆ ಕೆಂಪು ಕಂಡಿತು, ಆರರ ಮೇಲೆ ಬರೀ ಹಳದಿ ಉಳಿಯಿತು. ಮೊದಲೂ ಆರು ಕೆಂಪು, ಆರು ಬಿಳಿ ಇದ್ದವು. ಲೆಕ್ಕ ಕೂಡಿತು. ಕೆಂಪು ಕೆಂಪಾಗಿಯೇ ಇದೆ, ಬಿಳಿಯ ಮೇಲೆ ಅರಿಶಿಣ ಕೂತು ಹಳದಿಯಾಗಿದೆ ಎಂದುಕೊಂಡು ಉಸಿರು ಬಿಟ್ಟೆ. ಯಾರಿಗೂ ಹೇಳುವ ಗರಜು ಕಾಣಲಿಲ್ಲ.

ದೀಪಾವಳಿಗೆ ಇನ್ನೂ ನಾಲ್ಕು ದಿನ. ಮೊಲಗಳು ಜೋಳದ ಎಳೆ ಪೈರನ್ನು ಮೇಯುತ್ತಿದ್ದವು. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಮುತ್ಯಾ, ಕಾಕಾ, ಸೋಪಾನ ಮಾಮಾ ಹೊರಟರು. ಕಾಡತೂಸಿನ ಚೀಲ ಹೊತ್ತು ನಾನು. ಆಳೆತ್ತರದ ತೊಗರಿಯೊಳಗೆ ಮೊಲ ಅಡಗಿರುತ್ತದೆ. ಒಬ್ಬ ಆ ಕಡೆಯಿಂದ ಡಬ್ಬಿ ಬಡಿಯುತ್ತಾ ಎಬ್ಬಿಸಬೇಕು, ಈ ಕಡೆ ನಿಂತವನು ಹೊಡೆಯಬೇಕು. ಡಬ್ಬಿ ಬಡಿಯುವುದು ಯಾವಾಗಲೂ ಸೋಪಾನ ಮಾಮಾನ ಕೆಲಸ. ಅವನು ನಿಲ್ಲುತ್ತಿದ್ದದ್ದು ತೊಗರಿಯಾಚೆಯ ಹೊಸ ಒಡ್ಡಿನ ಬಳಿ. ಜೋಳದ ಗುಂಡು ಅಲ್ಲಿಯವರೆಗೆ ಹೋಗುವುದಿಲ್ಲ, ಹೋದರೂ ಧೋತರದ ಮೇಲೆ ಮರಳು ಬಿದ್ದಂತೆ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆ ಗೊತ್ತಿನ ಮೇಲೆಯೇ ಅವನು ಅಲ್ಲಿ ನಿಲ್ಲುತ್ತಿದ್ದ.

"ಕಮಳಿ, ಬಿಳೀದು ಕೊಡ" ಎಂದ ಕಾಕಾ.

ನಾನು ಹಳದಿಯದನ್ನು ಕೊಟ್ಟೆ. ಅವನು ತಿರುಗಿಸಿ ನೋಡಿದ. "ಇದ್ಯಾಕ ಹಳದಿ ಆಗ್ಯಾದ?"

"ಪೂಜಿ ಮಾಡೀನಲ್ಲ ಕಾಕಾ. ಬಿಳೀವೆಲ್ಲಾ ಹಳದಿ ಆಗ್ಯಾವ."

"ಖರೇನ?"

"ಖರೇನ. ನನಗ ಗೊತ್ತಿಲ್ಲೇನ?"

ಅವನು ನಕ್ಕು ತುಂಬಿಕೊಂಡ. ಆ ನಗು ನನಗೆ ಈಗಲೂ ಕಾಣುತ್ತದೆ.

ಆಚೆಯಿಂದ ಡಬ್ಬಿಯ ಸದ್ದು ಕೇಳಿತು. ತೊಗರಿ ಅಲುಗಿತು. ಮೊಲ ಹೊರಗೆ ಜಿಗಿದು, ನಮ್ಮನ್ನು ಕಂಡು, ತಿರುಗಿ ಸಾಲಿನ ನಡುವೆ ಓಡಿತು. ಕಾಕಾ ಹೊಡೆದ. ಎಂದಿನ ಸದ್ದಿಗಿಂತ ದೊಡ್ಡ ಸದ್ದು, ಭುಜ ಹಿಂದಕ್ಕೆ ತಳ್ಳಿಸಿಕೊಂಡು ಕಾಕಾ ಒಂದು ಹೆಜ್ಜೆ ಸರಿದ. ಮೊಲ ಬೀಳಲಿಲ್ಲ, ಹರಿದುಹೋಯಿತು. ಹಿಂಗಾಲು ಒಂದು ಕಡೆ, ತಲೆ ಒಂದು ಕಡೆ. ತೊಗರಿಯ ಹಳದಿ ಹೂವಿನ ಮೇಲೆ ರಕ್ತ, ಕರುಳು, ತುಪ್ಪಳ.

"ಏ ಮಹಾಲಿಂಗ, ಏನ ಹಾಕಿದ್ಯೋ!" ಎಂದ ಮುತ್ಯಾ.

ಅಷ್ಟರಲ್ಲಿ ಆಚೆಯಿಂದ ಕೂಗು ಬಂತು. ಅದು ಮನುಷ್ಯನ ಕೂಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕಾಕಾ ಬಂದೂಕು ಎಸೆದು ತೊಗರಿಯೊಳಗೆ ನುಗ್ಗಿದ, ಅವನ ಹಿಂದೆ ನಾನು. ಸೋಪಾನ ಮಾಮಾ ಒಡ್ಡಿಗೆ ಒರಗಿ ಬಿದ್ದಿದ್ದ. ಬಲಗಾಲಿನ ಮೊಣಕಾಲು ಇದ್ದ ಜಾಗದಲ್ಲಿ ಮೊಣಕಾಲು ಇರಲಿಲ್ಲ. ಬಿಳಿ ಎಲುಬಿನ ಚೂರುಗಳು ಮಾಂಸದಿಂದ ಹೊರಗೆ ಬಂದಿದ್ದವು, ಕೆಳಗಿನ ಕಾಲು ಚರ್ಮದ ಒಂದು ಪಟ್ಟಿಯಲ್ಲಿ ಜೋತು ಬೇರೆ ಕಡೆ ಮುಖ ಮಾಡಿತ್ತು. ತೊಡೆಯಿಂದ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು. ಅವನು ಎರಡೂ ಕೈಯಿಂದ ಮಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಕಚ್ಚುತ್ತಿದ್ದ. ಕಾಕಾ ತನ್ನ ರುಮಾಲು ಬಿಚ್ಚಿ ತೊಡೆಗೆ ಬಿಗಿದು, ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು, "ಸೋಪ್ಯಾ, ಸೋಪ್ಯಾ, ಕಣ್ಣ ಮುಚ್ಚಬ್ಯಾಡೋ" ಎಂದು ಅಳುತ್ತಿದ್ದ.

ಕಂಬಳಿಯಲ್ಲಿ ಹಾಕಿ ವಾಗದರಿ ರಸ್ತೆಗೆ ಹೊತ್ತರು. ಅಲ್ಲಿ ಟ್ರಕ್ಕೊಂದು ಸಿಕ್ಕಿತು. ಪೊಲೀಸ್ ಕೇಸು ಬೇಡವೆಂದು, ಬಂದೂಕು ಒರೆಸುವಾಗ ಹಾರಿತು ಎಂದು ಆಸ್ಪತ್ರೆಯಲ್ಲಿ ಎರಡೂ ಮನೆಯವರು ಒಂದೇ ಮಾತು ಹೇಳಿದರು. ಸೊಲ್ಲಾಪುರದ ಡಾಕ್ಟರರು ಮಾಮಾನ ಜೀವ ಉಳಿಸಿದರು, ಕಾಲನ್ನು ತೊಡೆಯಿಂದ ತೆಗೆದರು.

ಅದೇ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಹಳದಿಯದು ಇನ್ನೂ ಐದು ಉಳಿದಿದ್ದವು. ನನಗೆ ಏನು ತೋಚಿತೋ, ಮುತ್ಯಾನ ತಂಬಾಕಿನ ಡಬ್ಬಿಯಿಂದ ಸುಣ್ಣ ತೆಗೆದು, ಮೊದಲಿನ ಹಾಗೆ ಬಿಳಿ ಬೊಟ್ಟು ಇಟ್ಟರೆ ಎಲ್ಲ ಮೊದಲಿನ ಹಾಗೆ ಆಗುತ್ತದೆಂಬಂತೆ, ಒಂದರ ಮೇಲೆ ಒತ್ತಿದೆ. ಬೆರಳು ತೆಗೆಯುವಷ್ಟರಲ್ಲಿ ಬೊಟ್ಟು ಕೆಂಪಾಯಿತು. ಅರಿಶಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಇದು ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಹಬ್ಬ ಹಬ್ಬಕ್ಕೂ ಆರತಿ ತಟ್ಟೆಯ ಕೆಂಪು ನೀರನ್ನು ಹಾಗೆ ಕಲಸುತ್ತಿದ್ದವಳು ನಾನೇ. ನಾನು ಭಂಡಾರ ಬಳಿದಾಗ ಸುಣ್ಣದ ಬೊಟ್ಟುಗಳೆಲ್ಲ ಕೆಂಪಾಗಿದ್ದವು, ಕುಂಕುಮದ ಬೊಟ್ಟುಗಳು ಒದ್ದೆ ಬಟ್ಟೆಗೆ ಅಳಿಸಿಹೋಗಿ ಹಳದಿ ಉಳಿದಿತ್ತು. ಹಂದಿಯ ಗುಂಡನ್ನು ಮೊಲಕ್ಕೆಂದು ನಾನೇ ಆರಿಸಿ ಕೊಟ್ಟಿದ್ದೆ. ಖರೇನ ಎಂದು ಕಾಕಾ ಕೇಳಿದ್ದು, ಖರೇನ ಎಂದು ನಾನು ಹೇಳಿದ್ದು ನೆನಪಾಯಿತು.

ಮರುದಿನ ಕಾಕಾ ಆಸ್ಪತ್ರೆಯಿಂದ ಬಂದ. ಅಂಗಿಯ ರಕ್ತ ಒಣಗಿ ರಟ್ಟಾಗಿತ್ತು. ಹಟ್ಟಿಯ ಹಿಂದೆ ಕರೆದು ಎಲ್ಲ ಹೇಳಿದೆ. ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

"ಮತ್ಯಾರಿಗರ ಹೇಳೀಯೇನ?"

"ಯಾರಿಗೂ ಇಲ್ಲ."

"ಹೇಳಬ್ಯಾಡ. ನಂದು ಗಂಡಸಿನ ಬಾಳೆ, ಹ್ಯಾಂಗರ ನಡೀತದ. ನಿನಗ ಮನಷ್ಯಾನ ಕಾಲ ತಿಂದಾಕಿ ಅಂತ ಹೆಸರಿಟ್ರ ಸಾಯೂತನಕ ಹೋಗೂದಿಲ್ಲ. ನಾ ಇರೂತನಕ ಬಾಯಿ ತೆರಿಬ್ಯಾಡ. ಬೀರೋಬಾನ ಆಣಿ."

ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿಸಿದ.

ವಾರದ ಮೇಲೆ ಪಂಚರು ಗುಡಿಯ ಮುಂದೆ ಕೂತರು. ಸೋಪಾನ ಮಾಮಾನ ಇಬ್ಬರು ಅಣ್ಣಂದಿರು ಬಡಿಗೆ ಹಿಡಿದೇ ಬಂದಿದ್ದರು. ದೊಡ್ಡವನು ಕೇಳಿದ: "ಮಲಕ್ಕ ಯಾರರ ಹಂದಿ ಕಾಳ ಹಾಕ್ತಾರೇನ್ರಿ? ಕಾಲ ಮುರೀತೀನಿ ಅಂತ ಅಂದಿದ್ದ, ಮುರದಾನ."

ಮುತ್ಯಾ ನನ್ನ ಕಡೆ ತಿರುಗಿದ. "ಕಮಳಿ, ನೀ ಕೊಟ್ಟದ್ದು ಯಾವುದು?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದ. "ಆಕಿ ಮಲದ್ದಽ ಕೊಟ್ಟಿದ್ಲು. ತೊಗರ್ಯಾಗ ಹಂದಿ ಇದ್ದೀತು ಅಂತ ನಾನಽ ಬದಲಿ ಮಾಡಿಕೊಂಡೆ. ಸೋಪ್ಯಾನ ಮ್ಯಾಲ ನನಗ ಸಿಟ್ಟಿರಲಿಲ್ಲ."

ಪಂಚರಲ್ಲಿ ಹಿರಿಯರು ಭಂಡಾರದ ತಟ್ಟೆಯನ್ನು ಮುಂದೆ ಸರಿಸಿದರು. "ಹಂಗಾರ ಭಂಡಾರ ಎತ್ತು. ಹೇಳಿದ್ದೆಲ್ಲಾ ಖರೆ ಅಂತ ಅನ್ನು. ಮುಗೀತು."

ಸಿಟ್ಟಿರಲಿಲ್ಲ ಎಂಬುದು ಖರೆ. ಬದಲಿ ಮಾಡಿದೆ ಎಂಬುದು ಸುಳ್ಳು. ಭಂಡಾರ ಹಿಡಿದು ಅರ್ಧ ಖರೆ ಹೇಳಲು ಬರುವುದಿಲ್ಲ. ಕೈಯಲ್ಲಿ ಅದನ್ನು ಹಿಡಿದು ಸುಳ್ಳಾಡಿದವನ ವಂಶ ಉಳಿಯುವುದಿಲ್ಲ ಎಂದು ನಂಬಿದ ಮಂದಿ ನಾವು. ಕಾಕಾ ಆ ಹಳದಿ ಗುಡ್ಡೆಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

"ನಾ ಎತ್ತೂದಿಲ್ಲ" ಎಂದ.

ಎತ್ತದವನು ಬೇಕೆಂದೇ ಹೊಡೆದೆ ಎಂದು ಒಪ್ಪಿದ ಹಾಗೆ. ಆಮೇಲೆ ಬಡಿಗೆಗಳು ಬಿದ್ದವು. ಮೊದಲ ಏಟು ಬಾಯಿಗೆ, ಹಲ್ಲು ಮಣ್ಣಿಗೆ ಉದುರಿದ್ದು ನಾನು ಕಂಡೆ. ಎರಡನೆಯದು ಕೈಗೆ, ಎಲುಬು ಮುರಿದ ಸದ್ದು ಒಣಗಿದ ಕಡ್ಡಿ ಮುರಿದಂತೆ ಕೇಳಿತು. ಅವನು ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಮಗನನ್ನು ಬಿಡಿಸಲು ಮುತ್ಯಾ ಏಳಲಿಲ್ಲ. ನಾನು ಅವ್ವನ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಒಂದು ಮಾತು ಸಾಕಿತ್ತು. ನಾನು ಆಡಲಿಲ್ಲ. ಆಣೆಗೆ ಹೆದರಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಬಡಿಗೆಗೆ ಹೆದರಿದೆ.

ಮುತ್ಯಾ ಉಳಿದ ಕಾಡತೂಸುಗಳನ್ನು ಬಾವಿಗೆ ಎಸೆದ, ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿದ. ಸಾಯುವವರೆಗೂ ಮಗನ ಮುಖ ನೋಡಲಿಲ್ಲ. ಕಾಕಾ ಸೊಲ್ಲಾಪುರಕ್ಕೆ ಬಂದು ಚಾದರ ನೇಯುವ ಕಾರಖಾನೆ ಸೇರಿದ. ಸೊಟ್ಟಾಗಿ ಕೂಡಿದ ಕೈಯಲ್ಲೇ ದುಡಿದ. ಯಾರೂ ಹೆಣ್ಣು ಕೊಡಲಿಲ್ಲ. ನನಗೆ ಮಾತ್ರ ಚೆನ್ನಾಗಿಯೇ ಲಗ್ನವಾಯಿತು, ಅವನೇ ಮುಂದೆ ನಿಂತು ಮಾಡಿಸಿದ. ಅಂಗಡಿಗೆ ಬಂದು ಚಹಾ ಕುಡಿದು, ನನ್ನ ಮಕ್ಕಳಿಗೆ ಪೇರಲ ಕೊಟ್ಟು ಹೋಗುತ್ತಿದ್ದ. ಆ ಮಾತು ಒಮ್ಮೆಯೂ ಎತ್ತಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ಅವನ ಇಚ್ಛೆಯಂತೆ ವಸ್ತಿಗೆ ಒಯ್ದು, ತೊಗರಿ ಬೆಳೆಯುತ್ತಿದ್ದ ಆ ಹೊಲದಲ್ಲೇ ಮಣ್ಣು ಮಾಡಿದೆವು. ಈಗ ಅಲ್ಲಿ ಸುತ್ತಲೂ ಕಬ್ಬು. ಮೊಲ ಕಂಡು ಎಷ್ಟೋ ವರ್ಷವಾಯಿತಂತೆ. ಕವುಜುಗದ ಕೂಗೂ ಇಲ್ಲ. ನನ್ನ ಮಗನಿಗೆ ಕಾಡತೂಸು ಎಂಬ ಮಾತೇ ಗೊತ್ತಿಲ್ಲ. ಅದೊಂದು ಕಳೆದದ್ದಕ್ಕೆ ನನಗೆ ದುಃಖವಿಲ್ಲ.

ಮಣ್ಣು ಮಾಡಿದ ಮೂರನೇ ದಿನ ಸೋಪಾನ ಮಾಮಾನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಊರುಗೋಲು. ಸುಣ್ಣ, ಭಂಡಾರ, ಬೊಟ್ಟು, ಎಲ್ಲವನ್ನೂ ಹೇಳಿದೆ. ಕೇಳಿದವನು ಊರುಗೋಲು ಎತ್ತಿ ನೆಲಕ್ಕೆ ಕುಟ್ಟಿದ. ನನಗೇ ಹೊಡೆಯುತ್ತಾನೆ ಎಂದುಕೊಂಡೆ.

"ಪೋರಿ, ಕಾಲ ಹೋದದ್ದು ನಿನ್ನ ಕೈಲೆ ಆಗಿದ್ದ ಚೂಕ. ಹತ್ತ ವರ್ಷದ ಕೂಸು, ಅದಕ್ಕ ಮಾಫಿ ಅದ. ಆದ್ರ ಮಹಾಲಿಂಗ ಬೇಕಂತ ಹೊಡದಾನ ಅಂತ ತಿಳಕೊಂಡು ನಾ ಇಷ್ಟ ವರ್ಷ ಅವನ ಹೆಸರ ಮ್ಯಾಲ ಉಗಳೀನಿ. ಸೊಲ್ಲಾಪುರದಾಗ ಎರಡ ಸಲ ಎದುರಿಗಿ ಬಂದ. ಮಾರಿ ತಿರುವೀನಿ. ಅದಕ್ಕ ಯಾರ ಮಾಫಿ ಕೊಡಬೇಕು? ನೀ ದೊಡ್ಡಾಕಿ ಆದ ಮ್ಯಾಲೂ ಸುಮ್ಮ ಕೂತಿ."

ಅವನು ಒಳಗಿನಿಂದ ಭಂಡಾರದ ಡಬ್ಬಿ ತರಿಸಿದ. ನನ್ನ ಭುಜ ಹಿಡಿದು ಕುಂಟುತ್ತಾ ಕಬ್ಬಿನ ನಡುವೆ ನಡೆದ. ಹಳೆಯ ಒಡ್ಡಿನ ಬಳಿ, ತಾನು ಬಿದ್ದಿದ್ದ ಜಾಗದಿಂದ ಸ್ವಲ್ಪವೇ ದೂರದಲ್ಲಿ, ಹಸಿ ಮಣ್ಣಿನ ಗುಡ್ಡೆಯ ಮುಂದೆ ನಿಂತು ಡಬ್ಬಿಯನ್ನು ನನ್ನ ಕೈಗೆ ಕೊಟ್ಟ.

"ಅವ ಎತ್ತಲಿಲ್ಲ. ನೀ ಎತ್ತು. ಗಟ್ಟಿಯಾಗಿ ಹೇಳು."

ನಾನು ಭಂಡಾರ ಎತ್ತಿ ಹಿಡಿದೆ. ಕಾಕಾ ಬದಲಿ ಮಾಡಲಿಲ್ಲ, ನಾನೇ ಕೊಟ್ಟದ್ದು ಎಂದು ಕೂಗಿ ಹೇಳಿದೆ. ಅಂದು ಗುಡಿಯ ಮುಂದೆ ಕೂತಿದ್ದ ಪಂಚರಲ್ಲಿ ಒಬ್ಬರೂ ಉಳಿದಿರಲಿಲ್ಲ. ಮುತ್ಯಾ ಇರಲಿಲ್ಲ, ಅವ್ವ ಇರಲಿಲ್ಲ, ಬಡಿಗೆ ಹಿಡಿದಿದ್ದ ಅಣ್ಣಂದಿರೂ ಇರಲಿಲ್ಲ. ಯಾರ ಹೆಸರಿಗಾಗಿ ಹೇಳಿದೆನೋ ಅವನು ಮಣ್ಣಿನ ಕೆಳಗಿದ್ದ. ಕೇಳಲು ಇದ್ದವನು ಒಬ್ಬನೇ, ಒಂದೇ ಕಾಲಿನ ಮೇಲೆ ನಿಂತಿದ್ದ.